ಮದ್ದಿನ ಮನೆ

ದಕ್ಷಿಣ ಕನ್ನಡದ ಅಡಿಕೆ ತೋಟದವರಿಗೆ ಮುಂಗಾರು ಹತ್ತಿರವಾಯಿತೆಂದರೆ ಒಂದೇ ಚಿಂತೆ: ಮದ್ದು ಬಿಡುವವರು ಈ ಸಲ ಸಿಗುತ್ತಾರೋ ಇಲ್ಲವೋ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಇಷ್ಟೇ. ತೋಟದಲ್ಲಿ ಗೊನೆಗೆ ಮದ್ದು ಬೀಳುತ್ತಿರುವಾಗಲೇ ಮನೆಯೊಳಗೆ ಅಜ್ಜಿ ಮೊಮ್ಮಗನ ಕೆಮ್ಮಿಗೆ ಶುಂಠಿ ಜಜ್ಜಿ ಮದ್ದು ಮಾಡುತ್ತಿರುತ್ತಾರೆ. ಊರ ತೇರಿನ ರಾತ್ರಿ ಆಕಾಶಕ್ಕೆ ಹಾರುವುದು ಸಿಡಿಮದ್ದು. ಚೆನ್ನಾಗಿದ್ದ ಹುಡುಗ ಇದ್ದಕ್ಕಿದ್ದಂತೆ ಸೊರಗತೊಡಗಿದರೆ, 'ಯಾರೋ ಮದ್ದು ಹಾಕಿದ್ದಾರೆ' ಎಂದು ಜಗಲಿಯಲ್ಲಿ ಪಿಸುಮಾತು. ಗುಣ ಮಾಡುವುದೂ ಮದ್ದು, ಕೆಡಿಸುವುದೂ ಮದ್ದು, ಸಿಡಿಯುವುದೂ ಮದ್ದು.

ಹಳಗನ್ನಡದಲ್ಲಿ ಇದು ಮರ್ದು. ತುಳುವಿನ ಮರ್ದ್, ತಮಿಳಿನ ಮರುಂದು, ಮಲಯಾಳದ ಮರುನ್ನು, ತೆಲುಗಿನ ಮಂದು ಎಲ್ಲ ಒಂದೇ ಮನೆತನದವು. ಬಂದೂಕು, ಫಿರಂಗಿಗಳು ಬಂದಾಗ ಅವುಗಳ ಹೊಟ್ಟೆಗೆ ಹಾಕುವ ಪುಡಿಗೆ ಹೊಸ ಪದ ಹುಡುಕುವ ಗೋಜಿಗೆ ಈ ಭಾಷೆಗಳು ಹೋಗಲಿಲ್ಲ. ನಾವು ಮದ್ದುಗುಂಡು ಎಂದೆವು, ತೆಲುಗರು ಮಂದುಗುಂಡು ಎಂದರು, ಮಲಯಾಳಿಗಳು ವೆಡಿಮರುನ್ನು ಎಂದರು. ತೆಲುಗರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹೆಂಡಕ್ಕೂ ಮಂದು ಎಂದೇ ಕರೆದರು. ಆ ವಿಷಯ ಅವರಿಗೇ ಬಿಡೋಣ. ಗಂಧಕ, ಪೆಟ್ಲುಪ್ಪು, ಇದ್ದಿಲನ್ನು ತೂಕ ನೋಡಿ ಬೆರೆಸಿ ನುಣ್ಣಗೆ ಅರೆಯುವ ಕೆಲಸ, ವೈದ್ಯರ ಮನೆಯ ಕಲ್ವದ ಕೆಲಸಕ್ಕಿಂತ ನೋಟಕ್ಕೆ ತೀರಾ ಬೇರೆಯಾಗಿಯೂ ಇರಲಿಲ್ಲ. ಚಿತ್ರದುರ್ಗದ ಕೋಟೆಯಲ್ಲಿ ಇಂದಿಗೂ ಮದ್ದು ಬೀಸುವ ಕಲ್ಲುಗಳಿವೆ. ಆಳೆತ್ತರದ ಆ ಬೀಸುಕಲ್ಲುಗಳನ್ನು ಹೆಸರು ಮಾತ್ರ ಕೇಳಿ ನೋಡಲು ಹೋದವರು ಪಾಳೆಯಗಾರರಿಗೆ ಅಷ್ಟೊಂದು ಕಾಯಿಲೆಯಿತ್ತೇ ಎಂದುಕೊಂಡರೆ ತಪ್ಪಿಲ್ಲ.

ಈ ಪದದ ಅರ್ಥಗಳೆಲ್ಲ ಒಂದೇ ಶೀಶೆಯಲ್ಲಿ ಕೂತಿರುವ ವಸ್ತು ಒಂದಿದೆ: ನೈಟ್ರೋಗ್ಲಿಸರಿನ್. ಇಟಲಿಯ ಟ್ಯೂರಿನ್‌ನಲ್ಲಿದ್ದ ಅಸ್ಕಾನಿಯೊ ಸೊಬ್ರೆರೊ 1847ರಲ್ಲಿ ಅದನ್ನು ತಯಾರಿಸಿದ ಸುದ್ದಿ ಪ್ರಕಟಿಸಿದ. ಅಂದಿನ ರಸಾಯನ ವಿಜ್ಞಾನಿಗಳ ವಾಡಿಕೆಯಂತೆ ನಾಲಿಗೆಗೆ ಒಂದಿಷ್ಟು ತಾಗಿಸಿ ನೋಡಿದ. ತಲೆ ಹಿಡಿದುಕೊಂಡು ಕೂರುವಂತಾಯಿತು. ಜೋರಾಗಿ ಅಲುಗಿದರೂ ಸಿಡಿಯುವ ಆ ಎಣ್ಣೆಯನ್ನು ಕಂಡು ಮಾಡಿದವನೇ ಹೆದರಿದ. ಹೆದರದೆ ಅದನ್ನು ಕಾರ್ಖಾನೆಗೆ ಇಳಿಸಿದವನು ಆಲ್ಫ್ರೆಡ್ ನೊಬೆಲ್. 1864ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆದ ಸ್ಫೋಟದಲ್ಲಿ ತಮ್ಮ ಎಮಿಲ್ ತೀರಿಕೊಂಡ. ಆದರೂ ಬಿಡದೆ, ಎಣ್ಣೆಯನ್ನು ಒಂದು ಬಗೆಯ ಹುಡಿಮಣ್ಣಿಗೆ ಹೀರಿಸಿ ಪಳಗಿಸಿ 1867ರಲ್ಲಿ ಡೈನಮೈಟ್‌ಗೆ ಪೇಟೆಂಟ್ ಪಡೆದ.

ಇತ್ತ ಲಂಡನ್ನಿನಲ್ಲಿ ವಿಲಿಯಂ ಮರ್ರೆಲ್ ಎಂಬ ವೈದ್ಯ, ಅದೇ ವಸ್ತುವಿನ ನೂರಕ್ಕೊಂದು ಪಾಲಿನ ದ್ರಾವಣದಲ್ಲಿ ಒದ್ದೆಯಾದ ಬಿರಡೆಯನ್ನು ನಾಲಿಗೆಗೆ ತಾಗಿಸಿಕೊಂಡ. ನಾಡಿ ದಡದಡ ಹೊಡೆದುಕೊಂಡಿತು, ತಲೆ ಸಿಡಿಯಿತು. ಹೀಗೆ ರಕ್ತನಾಳ ಸಡಿಲಿಸುವುದು ಎದೆ ಹಿಂಡುವ ನೋವಿಗೆ ಆದೀತೆಂದು ರೋಗಿಗಳಿಗೆ ಕೊಟ್ಟು ನೋಡಿ, 1879ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ. ಕೊನೆಗಾಲದಲ್ಲಿ ಹೃದಯದ ಕಾಯಿಲೆಗೆ ಬಿದ್ದ ನೊಬೆಲ್‌ಗೆ ವೈದ್ಯರು ಬರೆದುಕೊಟ್ಟದ್ದೂ ಇದನ್ನೇ. ಔಷಧದಂಗಡಿಯವರೂ ಗಿರಾಕಿಗಳೂ ಹೆದರದಿರಲೆಂದು ಅದಕ್ಕೆ ಟ್ರೈನೈಟ್ರಿನ್ ಎಂದು ಹೆಸರಿಟ್ಟಿದ್ದಾರೆ ಎಂದು ಅವನು 1896ರಲ್ಲಿ ಒಂದು ಪತ್ರದಲ್ಲಿ ನಕ್ಕುಕೊಂಡಿದ್ದಾನೆ. ಅದೇ ಡಿಸೆಂಬರಿನಲ್ಲಿ ತೀರಿಕೊಂಡ. ಕನ್ನಡದವರ ನಡುವೆ ಹುಟ್ಟಿದ್ದರೆ ಹೆಸರು ಬದಲಿಸುವ ಕಷ್ಟ ಯಾರಿಗೂ ಇರುತ್ತಿರಲಿಲ್ಲ. ಮಾತ್ರೆಯಲ್ಲಿರುವುದು ಮಿಲಿಗ್ರಾಂನ ಅರ್ಧದಷ್ಟು, ಅದೂ ಬೇರೆ ಪುಡಿಯಲ್ಲಿ ಬೆರೆತದ್ದು. ಅದು ಸಿಡಿಯುವುದಿಲ್ಲ.

ನಮ್ಮಲ್ಲಿ ಎದೆನೋವಿನವರ ಜೇಬಿನಲ್ಲಿರುವ ಸಾರ್ಬಿಟ್ರೇಟ್ ಇದರ ದಾಯಾದಿ. ಡಾಕ್ಟರು ಒತ್ತಿ ಹೇಳುವ ಮಾತು, 'ನಾಲಿಗೆ ಕೆಳಗೆ ಇಟ್ಕೊಳ್ಳಿ, ನುಂಗಬೇಡಿ.' ಕಾರಣ ಲಿವರ್. ನುಂಗಿದ್ದೆಲ್ಲ ಕರುಳಿನಿಂದ ರಕ್ತಕ್ಕೆ ಸೇರಿ ಮೊದಲು ಹೋಗುವುದು ಅಲ್ಲಿಗೇ. ಮೈಗೆಲ್ಲ ಹಂಚಿಹೋಗುವ ಮುನ್ನ ದಾಟಲೇಬೇಕಾದ ಸುಂಕದ ಕಟ್ಟೆ ಅದು. ಕೆಲವು ಔಷಧಗಳ ಹತ್ತಿರ ಅಲ್ಪಸ್ವಲ್ಪ ಸುಂಕ ಕಿತ್ತುಕೊಂಡರೆ, ನೈಟ್ರೋಗ್ಲಿಸರಿನ್ ಬಳಿ ಗಂಟನ್ನೇ ಕಿತ್ತುಕೊಳ್ಳುತ್ತದೆ. ನಾಲಿಗೆಯ ಅಡಿಯ ತೆಳು ಚರ್ಮದಿಂದ ಒಳಹೊಕ್ಕ ಮದ್ದು ಆ ಕಟ್ಟೆಯನ್ನು ತಪ್ಪಿಸಿಕೊಂಡು ನೇರ ಹೃದಯದ ಕಡೆಗೆ ಹೋಗುತ್ತದೆ. ಒಂದೆರಡು ನಿಮಿಷದಲ್ಲಿ ನೋವು ಇಳಿಯತೊಡಗುವುದು ಅದಕ್ಕೇ. ವಸ್ತು ಅದೇ, ತೂಕ ಅದೇ. ದಾರಿ ಬದಲಾದರೆ ಮದ್ದು ಮದ್ದಾಗಿ ಉಳಿಯುವುದಿಲ್ಲ.

ಒಳಗೆ ಹೋಗಿ ಅದು ಮಾಡುವುದೇನು? ನೂರು ವರ್ಷ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಔಷಧಗಳು ಜೀವಕೋಶದ ಒಂದು ನಿರ್ದಿಷ್ಟ ಗ್ರಾಹಿಯನ್ನು ಹಿಡಿದುಕೊಂಡೇ ಕೆಲಸ ಮಾಡುತ್ತವೆ ಎಂಬ ಕಲ್ಪನೆಯನ್ನು ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1905ರಲ್ಲೇ ಮುಂದಿಟ್ಟಿದ್ದ. ಇಂದಿನ ರಿಸೆಪ್ಟರ್ ಅದೇ. ನೈಟ್ರೋಗ್ಲಿಸರಿನ್ ಮಾತ್ರ ತುಸು ಬೇರೆ ಜಾತಿ. ಅದು ದೇಹದಲ್ಲಿ ಒಡೆದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ಆ ಅನಿಲ ರಕ್ತನಾಳದ ಸ್ನಾಯುವಿನೊಳಗಿನ ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಸ್ನಾಯು ಸಡಿಲವಾಗುತ್ತದೆ. ನಮ್ಮ ರಕ್ತನಾಳಗಳ ಒಳಪದರವೂ ತಾನಾಗಿಯೇ ಈ ಅನಿಲವನ್ನು ತಯಾರಿಸುತ್ತಿರುತ್ತದೆ ಎಂದು ತಿಳಿದುಬಂದದ್ದು ಆಮೇಲೆ. ಇದಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೂ 1998ರಲ್ಲಿ ಬಂದದ್ದು ಯಾರ ಹೆಸರಿನ ಬಹುಮಾನವೆಂದು ಹೇಳಬೇಕಾಗಿಲ್ಲ.

ಹೃದಯದ ನಾಳ ಸಡಿಲಿಸುವ ಮದ್ದು ತಲೆಯ ನಾಳವನ್ನೂ ಸಡಿಲಿಸುತ್ತದೆ. ಸೈಡ್ ಎಫೆಕ್ಟ್ ಎಂದು ನಾವು ಬೈಯುವ ತಲೆನೋವು ಅದು. ಮದ್ದಿಗೆ ಬದಿ, ನಡು ಎಂಬ ಭೇದ ಗೊತ್ತಿಲ್ಲ. ಡೈನಮೈಟ್ ಕಾರ್ಖಾನೆಯ ಕೂಲಿಗಳಿಗೆ ಸೋಮವಾರ ತಲೆ ಒಡೆಯುವಂತಾಗಿ, ವಾರದ ನಡುವೆ ತಾನೇ ಕಡಿಮೆಯಾಗುತ್ತಿತ್ತು. ಮೈ ಒಗ್ಗಿಕೊಂಡಿತ್ತು. ಭಾನುವಾರದ ರಜೆಯಲ್ಲಿ ಒಗ್ಗಿದ್ದು ಬಿಟ್ಟುಹೋಗಿ ಮತ್ತೆ ಸೋಮವಾರದ ಪಾಡು. ಕೆಲವರು ರಜೆಯಲ್ಲೂ ಟೋಪಿಯ ಪಟ್ಟಿಗೆ ಒಂದಿಷ್ಟು ಸವರಿಕೊಂಡಿರುತ್ತಿದ್ದರಂತೆ. ಇದೇ ಟಾಲರೆನ್ಸ್. ಎದೆಗೆ ಅಂಟಿಸುವ ನೈಟ್ರೋಗ್ಲಿಸರಿನ್ ಪ್ಯಾಚನ್ನು ರಾತ್ರಿ ಕಿತ್ತಿಡಿ ಎನ್ನುವುದು ಇದನ್ನು ತಪ್ಪಿಸಲು. ಗಂಡಸರ ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ನುಂಗಿದವರು ಈ ಮದ್ದನ್ನು ಮುಟ್ಟಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡೂ ಒಂದೇ ಕಡೆ ಕೈಯಾಡಿಸುವುದರಿಂದ ಬಿಪಿ ಪಾತಾಳಕ್ಕೆ ಇಳಿದೀತು. ನಾಚಿಕೆಗೆ ಬಿದ್ದು ಡಾಕ್ಟರಿಗೆ ಹೇಳದವರಿಗೇ ಇದು ಮುಳುವಾಗುವುದು.

ಇನ್ನು ಕೊಲ್ಲುವ ಮದ್ದು. 1948ರಲ್ಲಿ ಅಮೆರಿಕದ ಮಾರುಕಟ್ಟೆಗೆ ವಾರ್ಫರಿನ್ ಬಂದದ್ದು ಇಲಿ ಪಾಷಾಣವಾಗಿ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಇಲಿಯನ್ನು ಒಳಗೊಳಗೇ ರಕ್ತ ಸುರಿಸಿ ಕೊಲ್ಲುವ ವಸ್ತು. 1954ರಲ್ಲಿ ಅದೇ ಮನುಷ್ಯರ ಔಷಧವಾಗಿ ಒಪ್ಪಿಗೆ ಪಡೆಯಿತು. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು ಇಂದಿಗೂ ಅದನ್ನೇ ನುಂಗಿ ಬದುಕುತ್ತಾರೆ. ಸಾಕಷ್ಟು ಎನ್ನುವುದಕ್ಕೂ ಹೆಚ್ಚಾಯಿತು ಎನ್ನುವುದಕ್ಕೂ ಇಲ್ಲಿ ಅಂತರ ಬಲು ಕಿರಿದು. ಅದಕ್ಕೇ ಆಗಾಗ ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ, ಅದಕ್ಕೇ ಸೊಪ್ಪಿನ ವಿಚಾರದಲ್ಲಿ ಅಷ್ಟು ಕಟ್ಟುನಿಟ್ಟು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮದ್ದಿಗೆ ಎದುರಾಳಿ. ಬಿಟ್ಟೇಬಿಡಬೇಕೆಂದಿಲ್ಲ, ಒಂದು ವಾರ ದಿನಾ ಬಸಳೆ, ಇನ್ನೊಂದು ವಾರ ಬರೀ ತಿಳಿಸಾರು ಎನ್ನುವ ಏರುಪೇರು ಕೂಡದು.

ಮೆಡಿಕಲ್ ಶಾಪಿನ ಕಟ್ಟೆಯ ಮುಂದೆ ಐದು ನಿಮಿಷ ನಿಂತರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ಅಣ್ಣಾ, ಇದಕ್ಕಿಂತ ಪವರ್ ಜಾಸ್ತಿ ಇರೋದು ಕೊಡಿ.' ಪವರ್ ಎಂದರೆ ಸ್ಟ್ರಿಪ್ಪಿನ ಮೇಲಿನ ಅಂಕಿ. ಶುಗರಿನ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ಥೈರಾಯ್ಡಿನ ಮಾತ್ರೆ 50 ಮೈಕ್ರೋಗ್ರಾಂ. ತೂಕದಲ್ಲಿ ಹತ್ತು ಸಾವಿರ ಪಟ್ಟು ವ್ಯತ್ಯಾಸ, ಹಾಗೆಂದು ಥೈರಾಯ್ಡಿನದ್ದನ್ನು ಪವರಿಲ್ಲದ ಮಾತ್ರೆ ಎನ್ನುವಂತಿಲ್ಲ. ಎಷ್ಟು ಕಡಿಮೆ ತೂಕದಲ್ಲಿ ಕೆಲಸ ಮಾಡುತ್ತದೆ ಎಂಬುದು ಒಂದು ಲೆಕ್ಕ, ಎಷ್ಟು ಕೆಲಸ ಮಾಡಬಲ್ಲದು ಎಂಬುದು ಇನ್ನೊಂದು. ಆ ಪುಟ್ಟ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ನುಂಗುವ ಅಭ್ಯಾಸ ನಮ್ಮವರಲ್ಲಿ ಉಂಟು. ಕಾಫಿ ಅದನ್ನು ಕರುಳಲ್ಲೇ ತಡೆಯುತ್ತದೆ. ನೀರಿನಲ್ಲಿ ನುಂಗಿ ಅರ್ಧ-ಒಂದು ಗಂಟೆ ಕಾಯಬೇಕು. ಬೆಳಿಗ್ಗೆ ಎದ್ದು ಅಷ್ಟು ಹೊತ್ತು ಕಾಫಿಯಿಲ್ಲದೆ ಇರುವ ಕಷ್ಟ ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ.

ಮೈಗೆ ಹೊಕ್ಕ ಮದ್ದು ಹೊರಡಲೂ ಬೇಕಲ್ಲ. ಕೊಡಗಿನಲ್ಲಿ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರಂದು ಮದ್ದು ಸೊಪ್ಪಿನ ರಸದಲ್ಲಿ ಪಾಯಸ, ಪುಟ್ಟು ಮಾಡಿ ಉಣ್ಣುತ್ತಾರೆ. ಆ ದಿನ ಸೊಪ್ಪಿಗೆ ಹದಿನೆಂಟು ಬಗೆಯ ಔಷಧಗುಣ ಸೇರಿರುತ್ತದೆ ಎಂಬ ನಂಬಿಕೆ. ಪಾಯಸಕ್ಕೆ ಗಾಢ ನೇರಳೆ ಬಣ್ಣ; ಉಂಡವರ ಮೂತ್ರ ಕೆಂಪಾಗುತ್ತದೆ. ಹೊಸದಾಗಿ ಉಂಡ ನೆಂಟರು ಬೆಚ್ಚಿಬೀಳುವುದು ಅಲ್ಲಿನವರಿಗೆ ವರ್ಷವರ್ಷದ ತಮಾಷೆ. ತಿಂದದ್ದು ಕರುಳು ದಾಟಿ, ರಕ್ತಕ್ಕಿಳಿದು, ಮೂತ್ರಪಿಂಡದಿಂದ ಹೊರಬಿದ್ದದ್ದನ್ನು ಬರಿಗಣ್ಣಿನಲ್ಲಿ ತೋರಿಸಲು ಇದಕ್ಕಿಂತ ಸುಲಭದ ಪಾಠ ಬೇರೆಯಿಲ್ಲ.

ಎಷ್ಟು ಬೇಗ ಹೊರಡುತ್ತದೆ ಎನ್ನುವುದರ ಅಳತೆಗೆ ಅರ್ಧಾಯುಷ್ಯ ಎನ್ನುತ್ತಾರೆ: ರಕ್ತದಲ್ಲಿರುವುದು ಅರ್ಧಕ್ಕಿಳಿಯಲು ಹಿಡಿಯುವ ಹೊತ್ತು. ನೈಟ್ರೋಗ್ಲಿಸರಿನ್‌ಗೆ ಕೆಲವೇ ನಿಮಿಷ. ಪ್ಯಾರಸಿಟಮಾಲ್‌ಗೆ ಎರಡು-ಮೂರು ಗಂಟೆ, ಹಾಗಾಗಿ ದಿನಕ್ಕೆ ಮೂರು ನಾಲ್ಕು ಸಲ. ಬಿಪಿಯ ಆಮ್ಲೋಡಿಪಿನ್‌ಗೆ ಒಂದೂವರೆ ದಿನದ ಆಸುಪಾಸು, ಹಾಗಾಗಿ ದಿನಕ್ಕೊಂದೇ. ಐದು ಅರ್ಧಾಯುಷ್ಯ ಕಳೆದರೆ ನೂರಕ್ಕೆ ಮೂರು ಪಾಲಿನಷ್ಟು ಮಾತ್ರ ಉಳಿದಿರುತ್ತದೆ. ಹೃದಯದ ಲಯ ತಪ್ಪಿದವರಿಗೆ ಕೊಡುವ ಅಮಿಯೊಡರೋನ್ ಮಾತ್ರ ಕೊಬ್ಬಿನಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಕೂರುತ್ತದೆ.

ಈ ಲೆಕ್ಕ ಹಿಡಿದು ಇಡುಮದ್ದಿನ ಕಥೆಗೆ ಬಂದರೆ ಕಥೆ ನಿಲ್ಲುವುದಿಲ್ಲ. ಯಾರೋ ಊಟದಲ್ಲಿ ಬೆರೆಸಿ ಹಾಕಿದ ಮದ್ದು ಹತ್ತು ವರ್ಷದಿಂದ ಹೊಟ್ಟೆಯ ಗೋಡೆಗೆ ಅಂಟಿಕೊಂಡಿದೆ ಎನ್ನುತ್ತಾರೆ ಮದ್ದು ತೆಗೆಯುವವರು. ಏನನ್ನೋ ಕುಡಿಸಿ, ವಾಂತಿ ಮಾಡಿಸಿ, ಅದರಲ್ಲಿ ಒಂದು ಉಂಡೆ ತೋರಿಸುತ್ತಾರೆ. ಜಠರದ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತದೆ. ಅಂಟಿಕೊಂಡಿರಲು ಹಳೆಯ ಗೋಡೆಯೇ ಅಲ್ಲಿರುವುದಿಲ್ಲ. ವರ್ಷಗಟ್ಟಲೆ ಮೈಯಲ್ಲಿ ಕೂರಬಲ್ಲ ವಿಷಗಳು ಇಲ್ಲವೆಂದಲ್ಲ. ಸೀಸ ಮೂಳೆಗೆ ಇಳಿದು ದಶಕಗಟ್ಟಲೆ ಇರುತ್ತದೆ, ವಾಂತಿಗೆ ಬರುವುದಿಲ್ಲ, ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಅದು ಒಳಹೊಕ್ಕ ದಾರಿ ಹುಡುಕಿದ ವೈದ್ಯರು ಎಷ್ಟೋ ಸಲ ಮುಟ್ಟಿದ್ದು, ರೋಗಿ ಗುಣವಾಗಲೆಂದೇ ತಿಂಗಳಾನುಗಟ್ಟಲೆ ಜೇನುತುಪ್ಪದಲ್ಲಿ ಕಲಸಿ ನೆಕ್ಕುತ್ತಿದ್ದ, ಲೇಬಲ್ಲಿಲ್ಲದ ಭಸ್ಮದ ಪೊಟ್ಟಣವನ್ನು.