ಇಲಿಗಳು ಆಲ್ಬಟ್ರಾಸ್ ಮರಿಯನ್ನು ಜೀವಂತ ತಿನ್ನುತ್ತವೆಯೇ? ದೂರದ ದ್ವೀಪಗಳ ಬಗೆಗಿನ ಮಾತುಗಳಲ್ಲಿ ನಿಜವೆಷ್ಟು?

ಕತ್ತಲಲ್ಲಿ, ಕೋಳಿಗಿಂತ ಎಷ್ಟೋ ದೊಡ್ಡದಾದ ಹಕ್ಕಿಮರಿಯೊಂದನ್ನು ಪುಟ್ಟ ಇಲಿಗಳು ಕಚ್ಚಿ ತಿನ್ನುತ್ತಿವೆ. ಮರಿ ಎದ್ದು ಓಡುವುದಿಲ್ಲ, ಇಲಿಗಳನ್ನು ಓಡಿಸುವುದೂ ಇಲ್ಲ. ಇಂಥ ವಿಡಿಯೊ ಮೊಬೈಲಿಗೆ ಬಂದರೆ ಇದು ಕಂಪ್ಯೂಟರಿನಲ್ಲಿ ಮಾಡಿದ್ದು ಅನ್ನಿಸುವುದು ಸಹಜ. ಜೊತೆಗೆ ‘ಹೆಲಿಕಾಪ್ಟರಿನಿಂದ ದ್ವೀಪಕ್ಕೆಲ್ಲ ವಿಷ ಸುರಿಯುತ್ತಿದ್ದಾರೆ’ ಎಂದೂ ಯಾರಾದರೂ ಸೇರಿಸಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಒಂದೊಂದೇ ಮಾತನ್ನು ತೆಗೆದುಕೊಂಡು ನೋಡೋಣ.

‘ಇಲಿ ಅಷ್ಟು ದೊಡ್ಡ ಹಕ್ಕಿಯನ್ನು ತಿನ್ನಲು ಸಾಧ್ಯವೇ ಇಲ್ಲ’

ಸಾಧ್ಯವಿದೆ. ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ ಗಾಫ್ ಎಂಬ ದ್ವೀಪವಿದೆ. ಇದು ಬ್ರಿಟನ್ನಿನ ಸಾಗರೋತ್ತರ ಪ್ರದೇಶವೊಂದರ ಭಾಗವಾದ ಟ್ರಿಸ್ಟಾನ್ ಡ ಕುನ್ಯಾಕ್ಕೆ ಸೇರಿದ್ದು. 65 ಚದರ ಕಿ.ಮೀ. ವಿಸ್ತೀರ್ಣದ ಈ ನಡುಗಡ್ಡೆಯಲ್ಲಿ ಊರುಗಳಿಲ್ಲ, ದಕ್ಷಿಣ ಆಫ್ರಿಕಾದ ಒಂದು ಹವಾಮಾನ ಕೇಂದ್ರ ಮಾತ್ರ ಇದೆ. ಟ್ರಿಸ್ಟಾನ್ ಆಲ್ಬಟ್ರಾಸ್ ಎಂಬ ಹಕ್ಕಿ ಹೆಚ್ಚುಕಡಿಮೆ ಇಲ್ಲಿ ಮಾತ್ರ ಗೂಡು ಕಟ್ಟುತ್ತದೆ. ರೆಕ್ಕೆ ಬಿಚ್ಚಿದರೆ ಸುಮಾರು 3 ಮೀಟರ್ ಅಗಲ.

19ನೇ ಶತಮಾನದಲ್ಲಿ ಸೀಲ್ ಬೇಟೆಗಾರರ ಹಡಗುಗಳಲ್ಲಿ ನಮ್ಮ ಮನೆಗಳಲ್ಲಿ ಕಾಣುವ ಜಾತಿಯ ಚಿಕ್ಕ ಇಲಿಯೇ ಇಲ್ಲಿಗೆ ಬಂತು. ಕಾಲಕ್ರಮೇಣ ಮಾಮೂಲಿ ಇಲಿಗಿಂತ ಸುಮಾರು ಒಂದೂವರೆ ಪಟ್ಟು ದೊಡ್ಡದಾಯಿತು. ಚಳಿಗಾಲದಲ್ಲಿ ಬೇರೆ ಆಹಾರ ಕಡಿಮೆಯಾದಾಗ ರಾತ್ರಿ ಹೊತ್ತು ಗೂಡಿನಲ್ಲಿ ಕೂತ ಮರಿಯನ್ನು ಕಚ್ಚತೊಡಗುತ್ತದೆ. ಗಾಯ ದಿನದಿನಕ್ಕೆ ದೊಡ್ಡದಾಗಿ ಮರಿ ಸಾಯುತ್ತದೆ. 2000ದ ದಶಕದ ಮೊದಲ ವರ್ಷಗಳಲ್ಲಿ ವಿಜ್ಞಾನಿಗಳು ಇದನ್ನು ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದಾರೆ. ಇಲ್ಲಿನ ಇಲಿಗಳಿಂದ ವರ್ಷಕ್ಕೆ 20 ಲಕ್ಷದವರೆಗೆ ಕಡಲಹಕ್ಕಿಗಳ ಮೊಟ್ಟೆ ಮತ್ತು ಮರಿಗಳು ನಾಶವಾಗುತ್ತವೆ ಎಂದು ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿ ಅಂದಾಜು ಮಾಡಿದೆ.

ಮರಿ ಸುಮ್ಮನೆ ಕೂರುವುದೇಕೆ? ಈ ಹಕ್ಕಿಗಳ ಪೂರ್ವಜರು ಲಕ್ಷಾಂತರ ವರ್ಷ ಬದುಕಿದ ದ್ವೀಪಗಳಲ್ಲಿ ನೆಲದ ಮೇಲೆ ಓಡಾಡುವ ಶತ್ರುವೇ ಇರಲಿಲ್ಲ. ಹಾಗಾಗಿ ತಪ್ಪಿಸಿಕೊಳ್ಳುವ ಬುದ್ಧಿ ಬೆಳೆಯಲೇ ಇಲ್ಲ.

‘ಜನರೇ ಇಲ್ಲದ ದ್ವೀಪದಲ್ಲಿ ಪ್ರಾಣಿಪಕ್ಷಿಗಳು ಕ್ಷೇಮ’

ಇದು ತಪ್ಪು ತಿಳಿವಳಿಕೆ. ಜನ ಬಂದು ಹೋದರೂ ಅವರು ತಂದದ್ದು ಅಲ್ಲೇ ಉಳಿಯುತ್ತದೆ. ಭೂಮಿಯ ನೆಲದಲ್ಲಿ ದ್ವೀಪಗಳ ಪಾಲು ಸುಮಾರು ಶೇ. 5 ಮಾತ್ರ. ಆದರೆ ಈವರೆಗೆ ಅಳಿದುಹೋದ ಪ್ರಾಣಿಪಕ್ಷಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ದ್ವೀಪವಾಸಿಗಳು. ಬ್ರಿಟನ್ನಿಗೆ ಸೇರಿದ, ಬೇರೆಲ್ಲೂ ಇಲ್ಲದ ಜೀವಿಗಳಲ್ಲಿ ಸುಮಾರು ಶೇ. 94ರಷ್ಟು ಇರುವುದು ಬ್ರಿಟನ್ನಿನಲ್ಲಲ್ಲ, ಅದರ 14 ಸಾಗರೋತ್ತರ ಪ್ರದೇಶಗಳಲ್ಲಿ.

‘ನಾಲ್ಕು ಬೆಕ್ಕು ಬಿಟ್ಟರೆ ಇಲಿಕಾಟ ಮುಗಿಯಿತಲ್ಲ?’

ಈ ಪ್ರಯೋಗ ಆಗಿಹೋಗಿದೆ. ದಕ್ಷಿಣ ಆಫ್ರಿಕಾಕ್ಕೆ ಸೇರಿದ ಮರಿಯನ್ ದ್ವೀಪದ ಹವಾಮಾನ ಕೇಂದ್ರಕ್ಕೆ 1940ರ ದಶಕದ ಕೊನೆಯಲ್ಲಿ ಇಲಿ ಹಿಡಿಯಲೆಂದು 5 ಬೆಕ್ಕುಗಳನ್ನು ತಂದರು. 1970ರ ದಶಕದ ಹೊತ್ತಿಗೆ ಅವು 2,000 ದಾಟಿದ್ದವು. ಇಲಿಗಿಂತ ಸುಲಭವಾಗಿ ಸಿಗುವ ಹಕ್ಕಿಗಳನ್ನೇ ಹಿಡಿದವು, ವರ್ಷಕ್ಕೆ ಸುಮಾರು 4.5 ಲಕ್ಷ! ಬೆಕ್ಕುಗಳನ್ನು ಪೂರ್ತಿ ತೆಗೆಯುವಷ್ಟರಲ್ಲಿ 1991 ಬಂತು. ಇಲಿ ಮಾತ್ರ ಇನ್ನೂ ಅಲ್ಲೇ ಇದೆ, ಅಲ್ಲಿಯೂ ಆಲ್ಬಟ್ರಾಸ್‌ಗಳನ್ನು ತಿನ್ನುತ್ತಿದೆ.

‘ಹೆಲಿಕಾಪ್ಟರಿನಿಂದ ವಿಷ ಹಾಕುತ್ತಾರೆ’

ನಿಜ, ಆದರೆ ಅರ್ಧ ಕಥೆ. ಹಾಕುವುದು ವಿಷ ಬೆರೆಸಿದ ಧಾನ್ಯದ ಉಂಡೆಗಳನ್ನು. ವಿಷದ ಹೆಸರು ಬ್ರೋಡಿಫಾಕಮ್. ರಕ್ತ ಹೆಪ್ಪುಗಟ್ಟದಂತೆ ಮಾಡುವ ಈ ಗುಂಪಿನ ಔಷಧಿಯನ್ನೇ ಮನೆಗಳಲ್ಲೂ ಇಲಿಗೆ ಬಳಸುತ್ತಾರೆ. ಇದು ನೀರಿನಲ್ಲಿ ಅಷ್ಟು ಸುಲಭವಾಗಿ ಕರಗುವುದಿಲ್ಲ. ಇಲಿಗೆ ಹಸಿವು ಹೆಚ್ಚಿರುವ, ದ್ವೀಪದಲ್ಲಿ ಹಕ್ಕಿಗಳು ಕಡಿಮೆ ಇರುವ ಚಳಿಗಾಲದ ಆಸುಪಾಸಿನಲ್ಲಿ ಹಾಕುತ್ತಾರೆ. ಬೇರೆ ಹಕ್ಕಿಗಳೂ ಒಂದಷ್ಟು ಸಾಯುತ್ತವೆ, ಅದನ್ನು ಮುಚ್ಚಿಡುವಂತಿಲ್ಲ. ಅದಕ್ಕೇ ಗಾಫ್‌ನಲ್ಲಿ ಅಲ್ಲಿನ ನೀರುಕೋಳಿ ಮತ್ತು ಬಂಟಿಂಗ್ ಹಕ್ಕಿಗಳಲ್ಲಿ ಕೆಲವನ್ನು ಮೊದಲೇ ಹಿಡಿದು ಗೂಡಿನಲ್ಲಿಟ್ಟು, ಕೆಲಸ ಮುಗಿದ ಮೇಲೆ ಬಿಟ್ಟರು.

ಇದು ಫಲ ಕೊಡುತ್ತದೆಯೇ? ಎರಡು ಉದಾಹರಣೆ ನೋಡಿ.

ಬ್ರಿಟನ್ನಿನದೇ ಇನ್ನೊಂದು ಪ್ರದೇಶ ಸೌತ್ ಜಾರ್ಜಿಯಾ. ಅಲ್ಲಿ ಹಡಗುಗಳಿಂದಿಳಿದ ದೊಡ್ಡ ಕಂದು ಇಲಿಗಳಿದ್ದವು. ಹಿಮನದಿಗಳು ದ್ವೀಪವನ್ನು ತುಂಡುತುಂಡಾಗಿ ಬೇರ್ಪಡಿಸಿದ್ದರಿಂದ ಒಂದು ಭಾಗದ ಇಲಿ ಇನ್ನೊಂದಕ್ಕೆ ದಾಟಲಾಗುತ್ತಿರಲಿಲ್ಲ. ಆದರೆ ತಾಪಮಾನ ಏರಿ ಹಿಮನದಿಗಳು ಕರಗಿ ಹಿಂದೆ ಸರಿಯುತ್ತಿದ್ದವು. ದಾರಿ ತೆರೆಯುವ ಮೊದಲೇ ಕೆಲಸ ಮುಗಿಸಬೇಕಿತ್ತು. ಸೌತ್ ಜಾರ್ಜಿಯಾ ಹೆರಿಟೇಜ್ ಟ್ರಸ್ಟ್ 2011, 2013 ಮತ್ತು 2015ರಲ್ಲಿ ಮೂರು ಹಂತಗಳಲ್ಲಿ ಮದ್ದು ಹಾಕಿತು. ಆಮೇಲೆ ವಾಸನೆ ಹಿಡಿಯುವ ನಾಯಿಗಳೊಂದಿಗೆ ದ್ವೀಪ ಸುತ್ತಿ ಹುಡುಕಿದರು. 2018ರಲ್ಲಿ ದ್ವೀಪ ಇಲಿಮುಕ್ತವೆಂದು ಘೋಷಣೆಯಾಯಿತು. ಅಲ್ಲಿನ ಏಕೈಕ ಹಾಡುಹಕ್ಕಿ ಸೌತ್ ಜಾರ್ಜಿಯಾ ಪಿಪಿಟ್ ಹಳೆಯ ಜಾಗಗಳಿಗೆ ಮರಳಿತು.

ಗಾಫ್‌ನಲ್ಲಿ 2021ರಲ್ಲಿ ಇಷ್ಟೇ ಎಚ್ಚರಿಕೆಯಿಂದ ಕೆಲಸ ನಡೆಯಿತು. ಅದೇ ಡಿಸೆಂಬರಿನಲ್ಲಿ ಇಲಿ ಮತ್ತೆ ಕಾಣಿಸಿತು. ಒಂದು ಗಂಡು, ಒಂದು ಹೆಣ್ಣು ಉಳಿದರೂ ಸಾಕು, ಎಲ್ಲ ಮೊದಲಿಗೇ ಬರುತ್ತದೆ. ಇಲ್ಲಿ ಶೇ. 99 ಅಂಕ ಪಡೆದರೂ ನಪಾಸು.

‘ದ್ವೀಪದಲ್ಲಿ ಕೆಲಸ ಅಂದರೆ ಪ್ರವಾಸ, ಫೋಟೊ, ಮೋಜು’

ಟ್ರಿಸ್ಟಾನ್ ಡ ಕುನ್ಯಾದ ಮುಖ್ಯ ದ್ವೀಪದಲ್ಲಿ ಇನ್ನೂರಕ್ಕೂ ಸ್ವಲ್ಪ ಹೆಚ್ಚು ಜನರಿದ್ದಾರೆ. ವಿಮಾನ ನಿಲ್ದಾಣವಿಲ್ಲ. ಕೇಪ್ ಟೌನಿನಿಂದ ಹಡಗಿನಲ್ಲಿ ಸುಮಾರು ಒಂದು ವಾರ ಹೋಗಬೇಕು. ಗಾಫ್‌ಗೆ ಕ್ಷೇತ್ರಕಾರ್ಯಕ್ಕೆ ಹೋದವರು ಸಾಮಾನ್ಯವಾಗಿ ಒಂದು ವರ್ಷ ಅಲ್ಲೇ ಇರುತ್ತಾರೆ. ನಡುವೆ ‘ಮನೆಗೆ ಹೋಗಿಬರುತ್ತೇನೆ’ ಅನ್ನುವಂತಿಲ್ಲ.

ಕೆಲಸದ ಬಹುಪಾಲು ಯಾವ ವಿಡಿಯೊದಲ್ಲೂ ಕಾಣದಂಥದ್ದು. ಬೂಟಿನ ಅಡಿಯ ಮಣ್ಣು ಕೆರೆಯುವುದು, ಜಾಕೆಟ್ಟಿನ ಜೇಬಿಗೆ ಅಂಟಿದ ಹುಲ್ಲಿನ ಬೀಜ ಹೆಕ್ಕುವುದು, ಹಡಗಿನಿಂದಿಳಿಯುವ ಪ್ರತಿ ಪೆಟ್ಟಿಗೆಯಲ್ಲಿ ಇಲಿ, ಇರುವೆ, ಜೇಡ ಇದೆಯೇ ಎಂದು ನೋಡುವುದು, ಮಳೆಗಾಳಿಯಲ್ಲಿ ಗೂಡುಗಳನ್ನು ಎಣಿಸುವುದು. ಹೊರಗಿನ ತಜ್ಞರು ಬಂದು ಹೋಗುತ್ತಾರೆ, ವರ್ಷಪೂರ್ತಿ ಕಾಯುವವರು ದ್ವೀಪದ ಜನರೇ. 2020ರಲ್ಲಿ ಟ್ರಿಸ್ಟಾನ್‌ನ ಆಡಳಿತ ತನ್ನ ಸುತ್ತಲಿನ ಸುಮಾರು 6.87 ಲಕ್ಷ ಚದರ ಕಿ.ಮೀ. ಕಡಲನ್ನು ಸಂರಕ್ಷಿತ ವಲಯವೆಂದು ಘೋಷಿಸಿತು. ಅದರಲ್ಲಿ ಶೇ. 90ಕ್ಕೂ ಹೆಚ್ಚು ಭಾಗದಲ್ಲಿ ಮೀನುಗಾರಿಕೆಯೇ ಇಲ್ಲ.

ಎಲ್ಲೋ ದೂರದ ಸಂಗತಿ, ನಮಗೇಕೆ?

ಭಾರತಕ್ಕೂ ದೂರದ ದ್ವೀಪಗಳಿವೆ. ಬ್ರಿಟಿಷರ ಕಾಲದಲ್ಲಿ ಅಂಡಮಾನ್‌ಗೆ ತಂದುಬಿಟ್ಟ ಚುಕ್ಕೆ ಜಿಂಕೆಗಳನ್ನು ತಿನ್ನಲು ಅಲ್ಲಿ ಹುಲಿ, ಚಿರತೆ ಇಲ್ಲ. ಅವು ಹೆಚ್ಚಿ, ಕಾಡಿನ ಎಳೆಯ ಸಸಿಗಳನ್ನು ಮೇಯುತ್ತಿವೆ. ನಮ್ಮ ಕಾಡಿನಲ್ಲಿ ಚೆಂದ ಕಾಣುವ ಪ್ರಾಣಿಯೇ ಅಲ್ಲಿ ತೊಂದರೆ. ಅಂಡಮಾನ್‌ಗಾಗಲಿ ಲಕ್ಷದ್ವೀಪಕ್ಕಾಗಲಿ ಹೋಗುವಾಗ ಗಿಡ, ಬೀಜ, ಮಣ್ಣು, ಸಾಕುಪ್ರಾಣಿ ಒಯ್ಯಬೇಡಿ.

ಹಾಗಾದರೆ ಆ ವಿಡಿಯೊ ಬಂದರೆ ಏನು ಮಾಡುವುದು? ಇಂಥ ಘಟನೆ ನಡೆಯುವುದು ನಿಜ ಎಂಬುದು ಈಗ ನಿಮಗೆ ಗೊತ್ತು. ಕಳಿಸುವುದಾದರೆ ‘ಇಲಿಗಳು ಎಷ್ಟು ಕ್ರೂರ ನೋಡಿ’ ಎಂದು ಬರೆಯಬೇಡಿ. ಇಲಿ ತನ್ನ ಹೊಟ್ಟೆಪಾಡು ನೋಡಿಕೊಂಡಿದೆ, ಅಷ್ಟೇ. ಅದನ್ನು ಅಲ್ಲಿಗೆ ತಲುಪಿಸಿದ್ದು ಮನುಷ್ಯರ ಹಡಗು ಎಂಬ ಒಂದು ಸಾಲನ್ನು ಸೇರಿಸಿ ಕಳಿಸಿ.