ನೆರೂಳ: ಕೊಳಚೆನೀರಿನ ಶುದ್ಧೀಕರಣ ಮತ್ತು ಸೌರವಿದ್ಯುತ್ತು

ನವಿ ಮುಂಬಯಿ ಮಹಾನಗರಪಾಲಿಕೆಯ ನೆರೂಳ ಎಸ್‌ಟಿಪಿಗೆ (ಕೊಳಚೆನೀರು ಶುದ್ಧೀಕರಣ ಘಟಕ) ದಿನಕ್ಕೆ 10 ಕೋಟಿ ಲೀಟರ್ ಕೊಳಚೆನೀರನ್ನು ಶುದ್ಧೀಕರಿಸುವ ಸಾಮರ್ಥ್ಯವಿದೆ. ಕೊಳಚೆಗೂ ಸೂರ್ಯನಿಗೂ ಇರುವ ನಂಟು ಸೌರಫಲಕಗಳಿಗಿಂತ ಹಳೆಯದು. 1958ರಲ್ಲಿ ನಾಗಪುರದಲ್ಲಿ ಸ್ಥಾಪನೆಯಾದ ಸಂಶೋಧನಾ ಸಂಸ್ಥೆ (ಇಂದಿನ ನೀರಿ) ದೇಶದಲ್ಲಿ ಆಕ್ಸಿಡೇಷನ್ ಕೊಳಗಳನ್ನು ಪ್ರಚಾರಕ್ಕೆ ತಂದಿತು. ಆಳವಿಲ್ಲದ ಕೊಳದಲ್ಲಿ ಬಿಸಿಲಿಗೆ ಪಾಚಿ ಬೆಳೆದು ಆಮ್ಲಜನಕ ಬಿಡುತ್ತದೆ. ಅದನ್ನುಂಡು ಬ್ಯಾಕ್ಟೀರಿಯಾ ಹೊಲಸನ್ನು ಕರಗಿಸುತ್ತದೆ. ಕರೆಂಟು ಬಿಲ್ಲಿಲ್ಲ, ಆದರೆ ಎಕರೆಗಟ್ಟಲೆ ಜಾಗ ಬೇಕು.

1970ರಲ್ಲಿ ಹುಟ್ಟಿದ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೋ ಕಟ್ಟಿದ ನವಿ ಮುಂಬಯಿಯಲ್ಲಿ ನೆಲ ಚಿನ್ನದಂತೆ ತುಟ್ಟಿಯಾಯಿತು. ಹಾಗಾಗಿ ಪಾಲಿಕೆ ಕಡಿಮೆ ಜಾಗ ಸಾಕಾಗುವ ಸಿ-ಟೆಕ್ ಪದ್ಧತಿಯನ್ನು ಆರಿಸಿಕೊಂಡಿತು. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪುಗೊಂಡ ಸಕ್ರಿಯ ಕೆಸರಿನ (ಆಕ್ಟಿವೇಟೆಡ್ ಸ್ಲಜ್) ವಿಧಾನದ ಮೊಮ್ಮಗು ಅದು. ತೊಟ್ಟಿ ತುಂಬುತ್ತಿದ್ದಂತೆ ಬ್ಲೋವರ್ ಮೊರೆಯುತ್ತ ತಳದಿಂದ ಗಾಳಿಯೂದುತ್ತದೆ, ಕಂದು ನೀರು ನೊರೆಯೇಳುತ್ತದೆ. ಆಮೇಲೆ ಸದ್ದಡಗಿ ಕೆಸರು ತಳ ಸೇರುತ್ತದೆ. ಡಿಕ್ಯಾಂಟರ್ ನಿಧಾನವಾಗಿ ಬಾಗಿ ಮೇಲಿನ ತಿಳಿಯನ್ನು ಬಸಿದುಕೊಳ್ಳುತ್ತದೆ. ಜಾಗ ಉಳಿಯಿತು, ಬಿಸಿಲಿನ ಕೆಲಸವನ್ನು ಮಾತ್ರ ವಿದ್ಯುತ್ತಿಗೆ ವಹಿಸಿದಂತಾಯಿತು.

ಸೌರಫಲಕಗಳ ಮಾತು ಬರುವುದು ಇಲ್ಲಿ. ಸಾವಿರ ಲೀಟರಿಗೆ 0.2 ಯೂನಿಟ್ ಎಂದು ಹಿಡಿದರೂ ಇಷ್ಟು ದೊಡ್ಡ ಘಟಕ ಪೂರ್ತಿ ನಡೆದರೆ ದಿನಕ್ಕೆ 20,000 ಯೂನಿಟ್ ನುಂಗುತ್ತದೆ. ಒಂದು ಮೆಗಾವಾಟ್ ಫಲಕಗಳಿಂದ ದಿನಕ್ಕೆ ಸರಾಸರಿ 4,000 ಯೂನಿಟ್ ಸಿಗಬಹುದು, ಅದಕ್ಕೆ ಸುಮಾರು ನಾಲ್ಕು ಎಕರೆ ಬೇಕು. ಅಂದರೆ ಕೊಳ ಬಿಟ್ಟು ಉಳಿಸಿದ ನೆಲವನ್ನೇ ಫಲಕಗಳು ಮತ್ತೆ ಕೇಳುತ್ತವೆ! ಚಾವಣಿಗಳ ಮೇಲೆ ಹಿಡಿಸುವುದು ಇದರ ಚಿಕ್ಕ ಪಾಲು. ಪಾಲಿಕೆ ತನ್ನ ಮೊರ್ಬೆ ಜಲಾಶಯದಲ್ಲಿ ತೇಲುವ ಫಲಕಗಳ ಯೋಜನೆ ಹಾಕಿಕೊಂಡದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ.

ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗ 2015ರಲ್ಲಿ ನೆಟ್ ಮೀಟರಿಂಗ್ (ಮಿಕ್ಕ ಸೌರವಿದ್ಯುತ್ತನ್ನು ಗ್ರಿಡ್ಡಿಗೆ ಕೊಟ್ಟು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳುವ) ನಿಯಮ ತಂದಿತು. ಎಸ್‌ಟಿಪಿಗೆ ಅದರ ಹಂಗು ಕಡಿಮೆ: ಒಂದಲ್ಲ ಒಂದು ತೊಟ್ಟಿಗೆ ಹಗಲಿರುಳು ಗಾಳಿಯೂದುವ ಬ್ಲೋವರುಗಳು ಮಧ್ಯಾಹ್ನದ ಕರೆಂಟನ್ನು ಅಲ್ಲೇ ತಿಂದು ಮುಗಿಸುತ್ತವೆ, ಬ್ಯಾಟರಿಯೂ ಬೇಡ. ತೊಡಕಿರುವುದು ಹೊತ್ತಿನಲ್ಲಿ. ಮನೆಗಳಿಂದ ನೀರು ಜೋರಾಗಿ ಬರುವುದು ಬೆಳಗಿನ ಸ್ನಾನದ ವೇಳೆಗೆ, ಆಮೇಲೆ ಸಂಜೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆನೀರೂ ಒಳಚರಂಡಿಗೆ ನುಗ್ಗಿ ಪಂಪುಗಳ ಹೊರೆ ಏರುತ್ತದೆ, ಆಗ ಆಕಾಶದಲ್ಲಿ ಸೂರ್ಯನ ಸುಳಿವಿರುವುದಿಲ್ಲ.