ಹಾವಸೆಯು ಇಟ್ಟ ಲೆಕ್ಕ

ಚರಿತ್ರೆಗೆ ಆಧಾರಗಳೆಂದರೆ ಶಾಸನ, ತಾಮ್ರಪಟ, ಕಡತಗಳೆಂದು ನಾವು ಎಣಿಸುವುದು ವಾಡಿಕೆ. ಸ್ವೀಡನ್ ದೇಶದ ಸಸ್ಯಸಂಗ್ರಹಾಲಯಗಳಲ್ಲಿ ಒಣಗಿ ಕುಳಿತಿದ್ದ ಹಿಡಿ ಹಾವಸೆಯೂ ಅಂತಹ ಆಧಾರವಾಯಿತೆಂದರೆ ಶ್ರೋತೃಗಳಿಗೆ ಆಶ್ಚರ್ಯವಾದೀತು.

ಉತ್ತರದ ಶೀತಲಾರಣ್ಯಗಳಲ್ಲಿ ನೆಲಕ್ಕೆ ಕಂಬಳಿ ಹೊದಿಸಿದಂತೆ ಬೆಳೆಯುವ ಹಾವಸೆಯೊಂದುಂಟು. ಹೈಲೊಕೋಮಿಯಂ ಸ್ಪ್ಲೆಂಡೆನ್ಸ್ ಎಂಬುದು ಅದರ ಶಾಸ್ತ್ರೀಯ ನಾಮ. ವರ್ಷಕ್ಕೊಂದು ಮೆಟ್ಟಿಲಿನಂತೆ ಹೊಸ ಚಿಗುರು ಹಳೆಯದರ ಬೆನ್ನಿನಿಂದೇಳುತ್ತದೆ. ನಿಜವಾದ ಬೇರುಗಳಿಲ್ಲದ ಈ ಸಸ್ಯಕ್ಕೆ ಮಳೆಗಾಳಿಗಳು ತಂದುದೇ ಮುಖ್ಯ ಆಹಾರ, ಬಡವನ ಊಟವೆನ್ನಬೇಕು. ಗಾಳಿಯಲ್ಲಿ ವಿಷವಿದ್ದರೆ ಅದೂ ಮೈಯಲ್ಲಿ ಉಳಿಯುತ್ತದೆ.

ಲುಂಡ್ ವಿಶ್ವವಿದ್ಯಾನಿಲಯದ ರ್ಯೂಲಿಂಗ್ ಮತ್ತು ಟ್ಯೂಲರ್ ಎಂಬ ವಿದ್ವಾಂಸರು, ಸ್ಕೋನೆ ಪ್ರಾಂತದಲ್ಲಿ 1860ರಿಂದೀಚೆಗೆ ಶೇಖರಿಸಿದ್ದ ಇಂತಹ ಕಾಡುಹಾವಸೆಗಳಲ್ಲಿನ ಸೀಸವನ್ನು ಅಳೆದು 1968ರಲ್ಲಿ ಪ್ರಕಟಿಸಿದರು. ಮೊದಲು ಹತ್ತು ಲಕ್ಷ ಭಾಗಕ್ಕೆ ಸುಮಾರು 20 ಭಾಗವಿದ್ದ ಸೀಸವು 1875ರಿಂದ 1900ರೊಳಗೆ ಇಮ್ಮಡಿಯಾಗಿತ್ತು. ಅದು ಕಲ್ಲಿದ್ದಲ ಹೊಗೆಯ ಕಾಲ. ಬಳಿಕ ಅರ್ಧ ಶತಮಾನ ಹೆಚ್ಚು ಏರಲಿಲ್ಲ. 1950ರ ಅನಂತರ ಮತ್ತೆ ಇಮ್ಮಡಿಯಾಗಿ 80ರ ಮೇಲಕ್ಕೆ ಹೋಯಿತು. ಈ ಸಲ ಕಾರಣ ಮೋಟಾರುಗಳ ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ. ಮಕ್ಕಳ ಮಿದುಳನ್ನೇ ಕೆಡಿಸುವ ವಸ್ತು.

ಪೊಟ್ಟಣಗಳ ಮೇಲೆ ಸ್ಥಳ, ವರ್ಷಗಳನ್ನು ಬರೆದಿಟ್ಟ ಆ ಹಳೆಯ ಸಂಗ್ರಾಹಕರಿಗೆ ಸೀಸದ ಚಿಂತೆಯೇನೂ ಇರಲಿಲ್ಲ. ಹಾವಸೆಯ ಜಾತಿಗಳನ್ನು ಗುರುತಿಸುವುದಷ್ಟೇ ಅವರ ಉದ್ದೇಶ. ಆದರೂ ಆ ಎರಡು ಸಾಲುಗಳಿಲ್ಲದಿದ್ದರೆ ಒಣಗಿದ ಹಾವಸೆ ಕಸವೇ ಸರಿ. 1990ರಿಂದ ಯೂರೋಪಿನ ಅನೇಕ ದೇಶಗಳು ಐದೈದು ವರ್ಷಕ್ಕೊಮ್ಮೆ ಹಾವಸೆಯನ್ನು ಹೀಗೆಯೇ ಪರೀಕ್ಷಿಸುತ್ತ ಬಂದಿವೆ. ಪೆಟ್ರೋಲಿನಿಂದ ಸೀಸವನ್ನು ತೆಗೆದ ಮೇಲೆ ಹಾವಸೆಯಲ್ಲಿಯೂ ಅದು ಬಹಳವಾಗಿ ಇಳಿದಿದೆ.